ಬೇಳೆ ಬಿಟ್ಟದ್ದೆಲ್ಲ ವ್ರತವೆ?

2015ರ ಅಕ್ಟೋಬರದಲ್ಲಿ ತೊಗರಿಬೇಳೆಯ ಬೆಲೆ ನಮ್ಮ ಮಹಾನಗರಗಳಲ್ಲಿ ಕಿಲೋ ಒಂದಕ್ಕೆ 200 ರೂಪಾಯಿಗಳ ಸಮೀಪಕ್ಕೆ ಏರಿದುದನ್ನು ಗೃಹಿಣಿಯರು ಮರೆತಿರಲಾರರು. 2014 ಮತ್ತು 2015, ಎರಡು ವರ್ಷವೂ ಮುಂಗಾರು ಕೈಕೊಟ್ಟಿತ್ತು. ಸರಕಾರವು ದಾಸ್ತಾನಿಗೆ ಮಿತಿ ಹೇರಿ, ಅಡಗಿಸಿಟ್ಟ ಬೇಳೆಯನ್ನು ಹಲವು ರಾಜ್ಯಗಳಲ್ಲಿ ವಶಪಡಿಸಿಕೊಂಡಿತು.

ಅದೇ ತಿಂಗಳ ಕೊನೆಯಲ್ಲಿ ಚಾತುರ್ಮಾಸ್ಯದ ನಾಲ್ಕನೆಯದಾದ ದ್ವಿದಳ ವ್ರತ ಆರಂಭವಾಯಿತು. ಈ ಸಲ ವ್ರತವೇ ಲಾಭಕರವಾಯಿತೆಂದು ನಾವು ನಗುತ್ತ ಆಡಿಕೊಂಡೆವು. ವಿನೋದವೇನೋ ಸರಿ, ಆದರೆ ಕೊಳ್ಳಲಾರದೆ ಬಿಟ್ಟದ್ದು ವ್ರತವಾದೀತೆ?

ಆಗಲಾರದು. ವ್ರತಕ್ಕೆ ಸಂಕಲ್ಪ ಬೇಕು, ಕೊನೆಗೆ ಕೃಷ್ಣಾರ್ಪಣ ಬೇಕು. ಬೆಲೆ ಇಳಿದೊಡನೆ ಮುಗಿಯುವುದು ಕೇವಲ ಉಳಿತಾಯ. ನಾವು ಒಂದು ಮಾಸ ತೊವ್ವೆ, ಹುಳಿಗಳನ್ನು ತಾವಾಗಿ ಬಿಡುತ್ತೇವೆ. ನಮ್ಮ ಮನೆಯ ಪಾತ್ರೆ ತೊಳೆಯುವಾಕೆಯ ಮಕ್ಕಳು ಬೇಳೆಯನ್ನು ಬಿಡುವುದು ನಿರುಪಾಯರಾಗಿ. ಆ ವ್ಯತ್ಯಾಸವನ್ನು ಅರಿಯದೆ ಮಾಡಿದ ಉಪವಾಸ ಹೊಟ್ಟೆಗೆ ಮಾತ್ರ ತಟ್ಟೀತು, ಅಂತಃಕರಣಕ್ಕಲ್ಲ.

ಇನ್ನೊಂದು ಸಂದೇಹ. ಬೆಲೆ ಇನ್ನೂ ಏರೀತೆಂಬ ಭಯದಿಂದ ಹತ್ತು ಕಿಲೋ ತಂದು ಡಬ್ಬಿ ತುಂಬಿದರೆ ತಪ್ಪೆ? ಊರಿನಲ್ಲಿ ನಮ್ಮ ಹಿರಿಯರೂ ಬೇಳೆಗೆ ಹರಳೆಣ್ಣೆ ಸವರಿ ವರ್ಷಕ್ಕಾಗುವಷ್ಟು ಇಡುತ್ತಿರಲಿಲ್ಲವೆ? ಇಡುತ್ತಿದ್ದರು, ಆದರೆ ಸುಗ್ಗಿಯಲ್ಲಿ, ಧಾನ್ಯ ಹೇರಳವಾಗಿದ್ದಾಗ. ಅದರಿಂದ ಯಾರ ತುತ್ತೂ ಕಡಿಮೆಯಾಗುತ್ತಿರಲಿಲ್ಲ, ಬೆಳೆದವನ ಕೈಗೆ ಕಾಸೂ ಸೇರುತ್ತಿತ್ತು. ಅಭಾವಕಾಲದಲ್ಲಿ ಕೂಡಿಡುವುದಾದರೋ ಅಂಗಡಿಯಲ್ಲಿ ನಮ್ಮ ಹಿಂದೆ ನಿಂತವನ ಪಾಲನ್ನು ಸೆಳೆಯುವುದು. ಗೋದಾಮಿನವನಿಗೂ ನಮಗೂ ಆಗ ಭೇದವಿರುವುದು ಪ್ರಮಾಣದಲ್ಲಿ ಮಾತ್ರ.

ಈಶಾವಾಸ್ಯದ ಮೊದಲ ಮಂತ್ರಕ್ಕೆ ಶ್ರೀಮದಾಚಾರ್ಯರು ಹೇಳಿದ ಅರ್ಥವನ್ನು ಇಲ್ಲಿ ಸ್ಮರಿಸಬೇಕು: ಭಗವಂತನು ಕೊಟ್ಟದ್ದರಿಂದ ಜೀವಿಸಬೇಕು. ಪರರ ಧನವನ್ನು ಬಯಸಬಾರದೆಂದು ಅದೇ ಮಂತ್ರ ವಿಧಿಸುತ್ತದೆ. ಸ್ವತಂತ್ರನು ಅವನೊಬ್ಬನೇ ಎಂದು ನಿತ್ಯ ಪಠಿಸುವ ನಾವು, ಮುಂದಿನ ತಿಂಗಳ ಅನ್ನಕ್ಕೆ ಡಬ್ಬಿಯನ್ನೇ ನಂಬಿದರೆ ಆ ಪಠಣಕ್ಕೆ ಅರ್ಥವೇನು?

ಮಾರನೆಯ ವರ್ಷ ಚಕ್ರ ತಿರುಗಿತು. 2016-17ರಲ್ಲಿ ಬೆಳೆ ಅಪಾರವಾಗಿ ಬಂದು, ಕ್ವಿಂಟಾಲಿಗೆ 5,050 ರೂಪಾಯಿಗಳ ಬೆಂಬಲ ಬೆಲೆಗಿಂತಲೂ ಪೇಟೆಯ ದರ ಕೆಳಗಿಳಿಯಿತು. ತೊಗರಿಯ ಕಣಜವಾದ ಕಲಬುರಗಿಯ ರೈತರು ಕಂಗೆಟ್ಟರು. ಹಿಂದಿನ ವರ್ಷ ಬೆಲೆಯೇರಿಕೆಯನ್ನು ಅನ್ಯಾಯವೆಂದ ನಾವು ಆಗ ಅಗ್ಗವಾಯಿತೆಂದು ಹಿಗ್ಗಿದೆವು. ನಮ್ಮ ನ್ಯಾಯಬುದ್ಧಿ ನಮ್ಮ ಕೈಚೀಲದಷ್ಟೇ ಅಗಲವಾಗಿತ್ತು!

ಆದುದರಿಂದ ಕೊರತೆಯ ದಿನಗಳಲ್ಲಿ ತಿಂಗಳಿಗೆ ಬೇಕಾದಷ್ಟನ್ನೇ ಕೊಳ್ಳೋಣ. ಸುಗ್ಗಿಯಲ್ಲಿ ಕೊಳ್ಳುವಾಗ ಬೆಳೆದವನನ್ನು ನೆನೆಯೋಣ. ಕಾರ್ತಿಕದಲ್ಲಿ ನಾವು ಬಿಟ್ಟ ಬೇಳೆಯ ಬೆಲೆಯನ್ನು ತೆಗೆದಿಟ್ಟು, ವ್ರತದ ಸಮಾಪ್ತಿಯಂದು ಇಲ್ಲದವರ ಮನೆಗೆ ಬೇಳೆಯಾಗಿಯೇ ತಲುಪಿಸೋಣ. ನಾವು ಬಿಟ್ಟದ್ದು ಇನ್ನೊಬ್ಬರ ಎಲೆಗೆ ಬಿದ್ದಾಗ, ಅಲ್ಲಿಯೂ ಅಂತರ್ಯಾಮಿಯಾಗಿರುವ ಹರಿಯೇ ಅದನ್ನು ಸ್ವೀಕರಿಸುತ್ತಾನೆ.

ಶ್ರೀಕೃಷ್ಣಾರ್ಪಣಮಸ್ತು.