ಕಡತದಲ್ಲಿ ಬರೆದ ಸ್ವಭಾವ

1937ರ ಅಕ್ಟೋಬರ್ 1ರಂದು ರಾಜಾಜಿ ಸರಕಾರ ಮದರಾಸು ಪ್ರಾಂತ್ಯದಲ್ಲಿ ಮೊತ್ತಮೊದಲು ಪಾನನಿಷೇಧ ತಂದದ್ದು ನಮ್ಮ ಸೇಲಂ ಜಿಲ್ಲೆಯಲ್ಲಿ. ಧರ್ಮಪುರಿಯೂ ಆಗ ಇದರೊಳಗೇ ಇತ್ತು, 1965ರಲ್ಲಿ ಬೇರೆಯಾಯಿತು. ಆ ಕಾನೂನಿನ ಗುಣದೋಷಗಳ ಮಾತು ಇಲ್ಲಿ ಬೇಡ. ಅದು ಅಂಗಡಿಯನ್ನು ಮುಚ್ಚಿಸಿತು. ಕುಡಿಯುವವನು ಯಾವ ಜಾತಿಯ ಮನಸ್ಸಿನವನು ಎಂದು ವಿಚಾರಿಸಲಿಲ್ಲ. ಈಗ ವಿಚಾರಿಸುತ್ತಾರೆ.

ನಮ್ಮ ನೇಕಾರರ ಬೀದಿಯ ಯುವಕನೊಬ್ಬನನ್ನು ವ್ಯಸನಮುಕ್ತಿ ಕೇಂದ್ರವೊಂದಕ್ಕೆ ಸೇರಿಸುವಾಗ ನಾನೂ ಜೊತೆಗಿದ್ದೆ. ನಾಲ್ಕನೆಯ ದಿನ, ಕೈನಡುಕ ಇನ್ನೂ ನಿಲ್ಲದಿರುವಾಗ, ಅವನ ಮುಂದೆ ಪ್ರಶ್ನೆಪಟ್ಟಿ ಇಟ್ಟರು. ಇಂಗ್ಲಿಷಿನಿಂದ ತಮಿಳಿಗೆ ಬಂದ ವಾಕ್ಯಗಳು. ‘ಸರಿ’, ‘ತಪ್ಪು’ ಎಂದು ಗುರುತು ಹಾಕಬೇಕು. ಅವನು ಓದಿದ್ದು ತಮಿಳು, ಮನೆಮಾತು ಕನ್ನಡ. ಆಸ್ಪತ್ರೆಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ ಆಡುವ ಕಾಸರಗೋಡಿನ ಓದುಗರಿಗೆ ಈ ಕಷ್ಟವನ್ನು ವಿವರಿಸಬೇಕಿಲ್ಲ. ಸಂಜೆಗೆ ಕಡತದಲ್ಲಿ ‘ಸಮಾಜವಿರೋಧಿ ಸ್ವಭಾವ’ ಎಂದು ಬರೆದಾಗಿತ್ತು. ಅವನ ತಾಯಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದರೆ ಇವನು ಹುಟ್ಟಿದ್ದೇ ಹೀಗೆಯೇ?”

ಇಂಥ ಪರೀಕ್ಷೆಗಳಲ್ಲಿ ಬಹಳ ಹೆಸರಾದದ್ದು ಹ್ಯಾಥವೇ ಮತ್ತು ಮೆಕಿನ್ಲಿ 1943ರಲ್ಲಿ ಪ್ರಕಟಿಸಿದ ಮಿನೆಸೋಟ ಪರೀಕ್ಷೆ. ಅದರ ಮೊದಲ ರೂಪದಲ್ಲಿ ‘ಸಾಮಾನ್ಯ ಮನುಷ್ಯ’ರೆಂದರೆ ಮುಖ್ಯವಾಗಿ ಅಲ್ಲಿಯ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬಂದ ನೆಂಟರಿಷ್ಟರು. 1965ರಲ್ಲಿ ಮೆಕ್‌ಆಂಡ್ರೂ ಎಂಬವರು ಅದರಿಂದ 49 ವಾಕ್ಯಗಳನ್ನು ಆರಿಸಿ ಕುಡುಕರನ್ನು ಗುರುತಿಸುವ ಅಳತೆಗೋಲು ಮಾಡಿದರು. ಅವರು ಪರೀಕ್ಷಿಸಿದ ಗುಂಪುಗಳಲ್ಲಿ ಅದು ನೂರಕ್ಕೆ ಸುಮಾರು 80 ಮಂದಿಯನ್ನು ಸರಿಯಾಗಿ ವಿಂಗಡಿಸಿತು. ದೊಡ್ಡ ಸಾಧನೆಯೇ. ಆದರೆ ಅಲ್ಲಿ ಕುಡುಕರು ಅರ್ಧ, ಉಳಿದ ರೋಗಿಗಳು ಅರ್ಧ. ಅದೇ ಕೋಲನ್ನು ಒಂದು ಊರಿಗೆ ತಂದೆವೆನ್ನಿ. ಸಾವಿರ ಜನ, ಅದರಲ್ಲಿ 50 ಮಂದಿ ವ್ಯಸನಿಗಳು. 40 ಮಂದಿ ಸಿಕ್ಕಿಬೀಳುತ್ತಾರೆ. ಉಳಿದ 950ರಲ್ಲಿ ಐದರಲ್ಲೊಂದು ಪಾಲು, ಅಂದರೆ 190 ಮಂದಿ ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ಹಣೆಪಟ್ಟಿ ಅಂಟಿದ 230ರಲ್ಲಿ 190 ಸುಳ್ಳು! ಮಗ್ಗದ ಲೆಕ್ಕ ಬಲ್ಲ ಯಾರೂ ಇಂಥ ಮೊಳಕೋಲು ಇಟ್ಟುಕೊಳ್ಳುವುದಿಲ್ಲ.

ಕೇಂದ್ರದೊಳಗಿನ ತೊಂದರೆ ಬೇರೆ. ಅಲ್ಲಿರುವವನು ಕುಡಿಯುತ್ತಾನೆಂಬುದು ಗೊತ್ತೇ ಇದೆ. ಅವನನ್ನು ಯಾವ ಬಗೆಗೆ ಸೇರಿಸಬೇಕೆಂಬುದು ಪ್ರಶ್ನೆ. ಕುಡಿತ ಬಿಟ್ಟ ಮೊದಲ ದಿನಗಳ ದುಗುಡ, ಸಿಡಿಮಿಡಿ, ನಿದ್ದೆಗೇಡು ವಾರಗಳಲ್ಲಿ ಇಳಿಯುತ್ತವೆ, ಪರೀಕ್ಷೆಯ ಅಂಕಗಳೂ ಅವುಗಳೊಡನೆ ಇಳಿಯುತ್ತವೆ. ಅಮೆರಿಕದ ಜಾರ್ಜ್ ವೈಲಂಟ್ ದಶಕಗಳ ಕಾಲ ಅದೇ ಗಂಡಸರನ್ನು ಹಿಂಬಾಲಿಸಿದ ಅಧ್ಯಯನಗಳನ್ನು ಆಧರಿಸಿ 1983ರಲ್ಲಿ ಬರೆದದ್ದೂ ಇದನ್ನೇ: ಕುಡುಕನ ಸ್ವಭಾವವೆಂದು ನಾವು ಕಾಣುವುದರಲ್ಲಿ ಬಹುಪಾಲು ಕುಡಿತದ ಕಾರಣವಲ್ಲ, ಅದರ ಫಲ.

ಹುಟ್ಟನ್ನು ನೋಡಿ ಸ್ವಭಾವ ಬರೆಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 1911ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಸೇಲಂ ಕಡೆಯ ಕೊರವರನ್ನು ಪಟ್ಟಿಗೆ ಸೇರಿಸಿದ್ದರು. ಮದರಾಸಿನಲ್ಲಿ ಆ ಕಾಯಿದೆ 1947ರಲ್ಲಿ ರದ್ದಾಯಿತು. ಪೊಲೀಸರ, ನೆರೆಹೊರೆಯವರ ಅನುಮಾನ ಅಷ್ಟು ಬೇಗ ರದ್ದಾಗಲಿಲ್ಲ.

ಪರೀಕ್ಷೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಸಾಯುವ ಯೋಚನೆಯಲ್ಲಿರುವವನು ಬಾಯಿಬಿಟ್ಟು ಹೇಳದ್ದನ್ನು ಒಂದು ಗುರುತು ಹೇಳಬಹುದು. ಆದರೆ ಫಲಿತಾಂಶದ ಪಕ್ಕದಲ್ಲಿ, ಕೊನೆಯ ಲೋಟ ಕುಡಿದು ಎಷ್ಟು ದಿನವಾಗಿತ್ತು, ಯಾವ ಭಾಷೆಯಲ್ಲಿ ಓದಿದ, ಯಾರು ಅರ್ಥ ಹೇಳಿದರು ಎಂಬುದನ್ನೂ ಬರೆಯಲಿ. ಎರಡು ತಿಂಗಳ ಮೇಲೆ ಮತ್ತೊಮ್ಮೆ ಕೇಳಲಿ. ನಮ್ಮ ಹುಡುಗನನ್ನು ಮತ್ತೆ ಯಾರೂ ಕೇಳಲಿಲ್ಲ. ಅವನು ಮಗ್ಗಕ್ಕೆ ಮರಳಿದ್ದಾನೆ. ಬಿಡುಗಡೆಯ ಕಾಗದವನ್ನು ತಾಯಿ ಹೆಣ್ಣಿನ ಕಡೆಯವರ ಕಣ್ಣಿಗೆ ಬೀಳದಂತೆ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಾಳೆ.