ಒಂದು ‘ಇಲ್ರಿ’

ಸುಳ್ಳು ಹೇಳಬಾರದೆಂದು ನಮಗೆ ಚಿಕ್ಕಂದಿನಲ್ಲಿ ಹಿರಿಯರು ಕಲಿಸುತ್ತಾರೆ. ಯಾವಾಗ ಹೇಳಬಹುದೆಂಬುದನ್ನು ಮಾತ್ರ ಯಾರೂ ಕಲಿಸದೆಯೇ ಕಲಿತುಬಿಡುತ್ತೇವೆ. ಹಾಗೆ ಕಲಿತ ನಾನು 2022ರ ಮೇ ತಿಂಗಳ ಒಂದು ರಾತ್ರಿ, ಬಸವನ ಬಾಗೇವಾಡಿಯ ಒಂದು ಆಸ್ಪತ್ರೆಯಲ್ಲಿ ನಿಂತು, ವೈದ್ಯರು ಕೇಳಿದ ಪ್ರಶ್ನೆಗೆ ‘ಇಲ್ರಿ’ ಎಂದೆ. ಎರಡೇ ಅಕ್ಷರ. ಅದರ ಲೆಕ್ಕ ನನ್ನಲ್ಲಿ ಇನ್ನೂ ತೀರಿಲ್ಲ.

ನನ್ನ ಸೋದರಮಾವನ ಮಗ ಇಂಡಿಯವನು, ನಿಂಬೆಯ ತೋಟವುಳ್ಳವನು. ಬೆನ್ನುನೋವಿಗೆಂದು ತೊಡಗಿದ ಟ್ರಮಡಾಲ್ ಗುಳಿಗೆ ನೋವು ಹೋದ ಮೇಲೂ ಅವನನ್ನು ಬಿಡಲಿಲ್ಲ. ಅದು ಅಫೀಮಿನ ಬಳಗಕ್ಕೆ ಸೇರಿದ ಔಷಧ. 2018ರಲ್ಲಿ ಸರಕಾರ ಅದನ್ನು ಮಾದಕ ವಸ್ತುಗಳ ಕಾಯಿದೆಯೊಳಗೆ ತಂದಿತು. ಕೊನೆಗೆ ಒಂದು ದೊಡ್ಡ ಊರಿನ ವೈದ್ಯರು ಅವನಿಗೆ ಬ್ಯುಪ್ರೆನಾರ್ಫಿನ್ ಎಂಬ, ನಾಲಿಗೆಯ ಕೆಳಗಿಟ್ಟು ಕರಗಿಸುವ ಗುಳಿಗೆಯನ್ನು ಗೊತ್ತುಮಾಡಿದರು. ಇದೂ ಅದೇ ಬಳಗದ್ದೇ. ಆದರೆ ಚಟದ ಹಸಿವನ್ನು ಅಡಗಿಸಿ ಮನುಷ್ಯನನ್ನು ಅವನ ಕೆಲಸಕ್ಕೆ ಮರಳಿಸುತ್ತದೆ. ಇದಕ್ಕೊಂದು ವಿಶೇಷ ಗುಣವುಂಟು: ಒಂದು ಮಿತಿಯನ್ನು ಮುಟ್ಟಿದ ಮೇಲೆ ಉಸಿರಾಟವನ್ನು ಅದು ಹೆಚ್ಚು ತಗ್ಗಿಸುವುದಿಲ್ಲ. ವೈದ್ಯರು ಅದನ್ನು ನೆಚ್ಚುವುದು ಇದಕ್ಕಾಗಿಯೇ. ಆದರೆ ಅದು ಆ ಗುಳಿಗೆಯೊಂದೇ ಹೊಟ್ಟೆಯಲ್ಲಿದ್ದಾಗಿನ ಮಾತು. ಅದರ ಮೇಲೆ ಮದ್ಯವೋ ನಿದ್ದೆಯ ಗುಳಿಗೆಯೋ ಬಿದ್ದರೆ ಆ ಮಿತಿ ಕಾಯುವುದಿಲ್ಲ. ನಾವು ಮರೆತು ಮಲಗಿದಾಗಲೂ ನಮ್ಮ ಪರವಾಗಿ ಉಸಿರಾಡಿಸುವ ಕೇಂದ್ರವೊಂದು ಮಿದುಳಿನ ಬುಡದಲ್ಲಿದೆ. ಇವೆರಡೂ ಬೇರೆ ಬೇರೆ ದಾರಿಯಿಂದ ಬಂದು ಅದನ್ನೇ ಮಲಗಿಸುತ್ತವೆ.

ಆ ದಿನ ಮುದ್ದೇಬಿಹಾಳದಲ್ಲಿ ಒಂದು ಮದುವೆ. ಅವನ ಮಾವನವರು ಸಿಂದಗಿಯವರು, ಬಹಳ ಕಟ್ಟುನಿಟ್ಟಿನ ಜನ; ಅವರೂ ನಮ್ಮ ಗಾಡಿಯಲ್ಲೇ ಬಂದಿದ್ದರು. ಸಂಜೆ ಹಂದರದ ಹಿಂದೆ ಹಳೆಯ ಗೆಳೆಯರ ಗುಂಪು. ಹುಡುಕುತ್ತ ಹೋದಾಗ ನಮ್ಮವನ ಕೈಯಲ್ಲಿ ಲೋಟವಿತ್ತು. ‘ಅಣ್ಣಾ, ಯಾರ ಮುಂದೂ ಹೇಳಬ್ಯಾಡ’ ಎಂದ. ನಾನು ‘ಹೂಂ’ ಎಂದೆ. ಮಾತು ಕೊಟ್ಟಂತಾಯಿತು.

ಮರಳುವಾಗ ಬಾಗೇವಾಡಿ ಇನ್ನೂ ಮುಂದಿರುವಾಗಲೇ ಗೊರಕೆ ಶುರುವಾಯಿತು. ‘ಎಷ್ಟೋ ದಿನಕ್ಕ ಛಲೋ ನಿದ್ದಿ ಹತ್ತೇತಿ, ಎಬ್ಬಿಸಬ್ಯಾಡ್ರಿಪಾ’ ಎಂದಳು ಅತ್ತಿ. ಹೆತ್ತವಳ ಮಾತು. ಗಂಟಲಲ್ಲಿ ನೀರು ಸಿಕ್ಕಿಕೊಂಡಂಥ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಸದ್ದು. ಗಾಡಿಯ ದೀಪ ಹಾಕಿ ನೋಡಿದರೆ ತುಟಿ ನೀಲಿಗಟ್ಟಿತ್ತು. ಅಲುಗಿಸಿದರೆ ಎಚ್ಚರವಿಲ್ಲ. (ಅಂಥ ಗೊರಕೆಯನ್ನು ಕೇಳಿ ‘ಮಲಗಲಿ’ ಎಂದು ಬಿಡಬಾರದು, ಮಗ್ಗುಲಿಗೆ ತಿರುಗಿಸಿ ಕೂಡಲೇ 108ಕ್ಕೆ ಫೋನು ಮಾಡಬೇಕು ಎಂಬುದನ್ನು ನಾನು ಆಮೇಲೆ ಕಲಿತೆ.)

ಆಸ್ಪತ್ರೆಯಲ್ಲಿ ಅವನ ಹೆಂಡತಿ ಚೀಲದಿಂದ ಗುಳಿಗೆಯ ಪಟ್ಟಿಯನ್ನು ತೆಗೆದುಕೊಟ್ಟಳು. ವೈದ್ಯರು ಅದನ್ನು ಓದಿ, ತಲೆಯೆತ್ತಿ, ‘ಇದರ ಮ್ಯಾಲ ಏನರೆ ಕುಡಿದಾರೇನ್ರಿ?’ ಎಂದು ಕೇಳಿದರು. ಎಲೆ-ಅಡಿಕೆ, ಲವಂಗಗಳಿಂದ ಅವನು ವಾಸನೆಯನ್ನೂ ಮುಚ್ಚಿಕೊಂಡಿದ್ದ. ನನ್ನ ಪಕ್ಕದಲ್ಲಿ ಮಾವನವರು ನಿಂತಿದ್ದರು. ಆಗ ಬಂದದ್ದು ಆ ‘ಇಲ್ರಿ.’

ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನೆಂಬ ತಪಸ್ವಿಯ ಕಥೆ ಬರುತ್ತದೆ. ಸತ್ಯವ್ರತದ ಹಟದಿಂದ ಅವನು, ಅಡಗಿದ್ದವರ ಜಾಗವನ್ನು ಕಳ್ಳರಿಗೆ ತೋರಿಸಿ, ಅವರನ್ನು ಕೊಲ್ಲಿಸಿ, ನರಕಕ್ಕೆ ಹೋದ. ಜರ್ಮನಿಯ ಕಾಂಟ್ 1797ರಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಕೊಲೆಗಾರನೇ ಬಂದು ಗೆಳೆಯನೆಲ್ಲಿ ಎಂದು ಕೇಳಿದರೂ ಸುಳ್ಳಾಡಕೂಡದೆಂದು ವಾದಿಸಿದ. ಇವರಿಬ್ಬರ ನಡುವೆ ತೀರ್ಪು ಕೊಡುವ ಶಕ್ತಿ ನನಗಿಲ್ಲ. ಆದರೆ ಎರಡು ಕಡೆಯೂ ಬಾಗಿಲಲ್ಲಿ ನಿಂತು ಕೇಳುವವನು ಶತ್ರು. ನನ್ನನ್ನು ಕೇಳಿದವರೋ ಉಳಿಸಲು ನಿಂತವರು! ನನ್ನ ಸುಳ್ಳು ಯಾರಿಂದ ಯಾರನ್ನು ಕಾಪಾಡುತ್ತಿತ್ತು? ಮಾವನ ಒಂದು ನೋಟದಿಂದ ಅಳಿಯನ ಮಾನವನ್ನು. ಆ ಮಾನದಲ್ಲಿ ನನ್ನದೂ ಒಂದು ಪಾಲಿತ್ತೆಂಬುದನ್ನು ಒಪ್ಪಿಕೊಳ್ಳಬೇಕು.

ಹತ್ತು ನಿಮಿಷ ಓಣಿಯಂಥ ಆ ಪಡಸಾಲೆಯಲ್ಲಿ ನಿಂತಿದ್ದೆ. ಆಮೇಲೆ ಒಳಗೆ ಹೋಗಿ ವೈದ್ಯರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ, ಎಷ್ಟು, ಯಾವಾಗ ಎಂದಷ್ಟೇ ಕೇಳಿ ಬರೆದುಕೊಂಡರು. ಅಫೀಮಿನ ಬಳಗದ ಪ್ರಭಾವವನ್ನು ಇಳಿಸಲು ನಲೋಕ್ಸೋನ್ ಎಂಬ ಚುಚ್ಚುಮದ್ದು ಉಂಟು; ಮದ್ಯದ ಮೇಲೆ ಅದು ಏನೂ ಮಾಡದು. ಕುಡಿದಿದ್ದಾನೆಂದು ತಿಳಿಯದ ವೈದ್ಯ ಅರ್ಧ ರೋಗಕ್ಕಷ್ಟೇ ಚಿಕಿತ್ಸೆ ಮಾಡುತ್ತಿರುತ್ತಾನೆ. ಆ ರಾತ್ರಿ ಅವನ ಉಸಿರನ್ನು ಬಹಳ ಹೊತ್ತು ಕೈಯಿಂದ ಚೀಲ ಒತ್ತಿ ನಡೆಸಬೇಕಾಯಿತು. ಬದುಕಿದ.

ನಾವು ಹೀಗೇಕೆ ಮುಚ್ಚುತ್ತೇವೆ? 1956ರ ನವೆಂಬರಿನ ವರೆಗೆ ಈ ನಾಲ್ಕು ತಾಲೂಕುಗಳೂ ಮುಂಬಯಿ ರಾಜ್ಯದಲ್ಲಿದ್ದವು. 1949ರ ಪಾನನಿಷೇಧ ಕಾಯಿದೆಯಂತೆ ಆರೋಗ್ಯದ ನೆಪದಿಂದ ಕುಡಿಯುವವನಿಗೆ ವೈದ್ಯರ ಚೀಟಿ ಬೇಕಿತ್ತು. ಅಂದು ಕುಡಿಯುವ ಮೊದಲು ವೈದ್ಯನ ಬಳಿ ಹೋಗುತ್ತಿದ್ದವರ ಮೊಮ್ಮಕ್ಕಳು ಇಂದು ಕುಡಿದದ್ದನ್ನು ವೈದ್ಯನಿಗೇ ಹೇಳಲಾರರು. 2019ರ ಕೇಂದ್ರ ಸರಕಾರದ ಸಮೀಕ್ಷೆಯ ಪ್ರಕಾರ ದೇಶದ ಗಂಡಸರಲ್ಲಿ ನೂರಕ್ಕೆ 27 ಜನ ಕುಡಿಯುತ್ತಾರೆ. ಆದರೂ ನಮ್ಮ ಬಂಧುಬಳಗದಲ್ಲಿ ವಿಚಾರಿಸಿ ನೋಡಿ, ಒಬ್ಬನೂ ಸಿಕ್ಕಲಾರ.

ಅವನು ಎಚ್ಚೆತ್ತ ಮೇಲೆ ನನ್ನ ಸುಳ್ಳಿಗಾಗಿ ಸಿಟ್ಟಾಗಲಿಲ್ಲ, ನಿಜಕ್ಕಾಗಿ ಸಿಟ್ಟಾದ. ‘ಕೊಟ್ಟ ಮಾತು ಮುರದಿ’ ಎಂದ. ಅವನಂಜಿದಂತೆಯೇ ಆಯಿತು, ಮಾವನವರು ಮಗಳನ್ನು ಸಿಂದಗಿಗೆ ಕರೆದೊಯ್ದರು. ಅವಳು ಮರಳಿದ್ದು ದೀಪಾವಳಿ ಕಳೆದ ಮೇಲೆ. ಆದ್ದರಿಂದ ನಿಜದ ಬೆಲೆ ದೊಡ್ಡದಲ್ಲವೆಂದು ನಾನು ಹೇಳಲಾರೆ. ಆ ಬೆಲೆಯನ್ನು ಗೊತ್ತುಮಾಡುವವರು ನಾವೇ ಎಂಬುದು ಮಾತ್ರ ನನ್ನನ್ನು ಕಾಡುತ್ತದೆ. ‘ಕುಡಿಯೋ ಮನುಷ್ಯಾಗ ಆ ಗುಳಿಗಿ ಯಾಕ? ಬಿಡಸ್ರಿ’ ಎಂದವರೂ ಉಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ, ಮಿದುಳನ್ನು ಮಂಕುಗೊಳಿಸುವ ಬೇರೆ ಪದಾರ್ಥ ತೆಗೆದುಕೊಳ್ಳುತ್ತಾನೆಂಬ ಕಾರಣಕ್ಕೇ ಇಂಥ ಚಿಕಿತ್ಸೆಯನ್ನು ತಡೆಹಿಡಿಯಬಾರದು, ಚಟಕ್ಕೆ ಚಿಕಿತ್ಸೆಯಿಲ್ಲದಿರುವುದು ಅದಕ್ಕಿಂತ ಹೆಚ್ಚಿನ ಅಪಾಯವಾಗಬಹುದು ಎಂದು ವೈದ್ಯರಿಗೆ ತಿಳಿಸಿತು. ನಿಜ ಹೇಳಿದವನ ಔಷಧವನ್ನೇ ಕಿತ್ತುಕೊಂಡರೆ ಮುಂದಿನ ಸಲ ಅವನೇಕೆ ಹೇಳಿಯಾನು?

ಅವನ ವೈದ್ಯರು ಗುಳಿಗೆಯನ್ನು ನಿಲ್ಲಿಸಲಿಲ್ಲ. ಸುಮಾರು ಒಂದು ವರುಷ ಅವನು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ ಫೋನು ಮಾಡಿ, ದವಾಖಾನೆಗೆ ಜೊತೆಗೆ ಬಾ ಎಂದ. ಹೋದೆ. ಅವನ ಹೆಸರು ಕೂಗಿದಾಗ ನಾನೂ ಎದ್ದೆ. ಅವನು ಹೆಗಲ ಮೇಲೆ ಕೈಯಿಟ್ಟು ನನ್ನನ್ನು ಬಾಕಿನ ಮೇಲೆ ಕೂಡ್ರಿಸಿ, ‘ನೀ ಇಲ್ಲೇ ಕೂಡಣ್ಣಾ, ನಾನs ಹೇಳ್ತೀನಿ’ ಎಂದು ಒಳಗೆ ಹೋಗಿ ಬಾಗಿಲು ಮುಂದೆಮಾಡಿಕೊಂಡ.