ಜೋಡಿ ಚಿತ್ರ

ನನ್ನ ಗೋಡೆಯ ಮೇಲಿನ ಒಂದು ಚಿತ್ರವನ್ನು ಮನೆಗೆ ಬಂದವರೆಲ್ಲ ಮೆಚ್ಚುತ್ತಾರೆ. ದಾಳಿಂಬೆಯ ಕೊಂಬೆಯ ಮೇಲೆ ಎರಡು ಪಿಕಳಾರಗಳು. ಬುಲ್‌ಬುಲ್ ಎಂದರೆ ಹಲವರಿಗೆ ಬೇಗ ತಿಳಿದೀತು. ಜುಟ್ಟು ನಿಮಿರಿದೆ, ಕೊಕ್ಕು ತೆರೆದಿದೆ, ಬಾಲದ ಬುಡದ ಕೆಂಪು ಎದ್ದು ಕಾಣುತ್ತದೆ. “ಎಂಥ ಅನ್ಯೋನ್ಯ ದಾಂಪತ್ಯ! ಜೊತೆಗೂಡಿ ಹಾಡುತ್ತಿವೆ” ಎನ್ನುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ಆ ನಗೆಯಲ್ಲೊಂದು ಸುಳ್ಳಿದೆ; ಅದನ್ನು ಇಂದು ಒಪ್ಪಿಕೊಂಡುಬಿಡುತ್ತೇನೆ.

ಚಿತ್ರ ತೆಗೆದದ್ದು ಕಲಬುರಗಿಯ ಮಗ್ಗುಲಿನ ಶರಣಸಿರಸಗಿಯಲ್ಲಿ, ಪರಿಚಿತರ ಹಿತ್ತಲಿನಲ್ಲಿ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಎದೆಯೆತ್ತರದ ಗಿಡದಲ್ಲಿ ಬಟ್ಟಲಿನಂಥ ಗೂಡು, ಅದರಲ್ಲಿ ಎರಡು ಮರಿ. ಪಿಕಳಾರದಲ್ಲಿ ಗಂಡುಹೆಣ್ಣಿನ ರೂಪ ಒಂದೇ. ಮರಿಗಳಿಗೆ ಉಣಿಸುವ ಹೊಣೆಯೂ ಎರಡರದು. ಒಂದು ಹುಳು ಕೊಟ್ಟು ಹಾರಿದರೆ ಇನ್ನೊಂದು ಬರುತ್ತದೆ. ಅವುಗಳ ಸಂಸಾರ ಸಾಗುವುದೇ ಹೀಗೆ, ಸರದಿಯ ಮೇಲೆ. ನನಗೋ ಎರಡೂ ಒಂದೇ ಚೌಕಟ್ಟಿನಲ್ಲಿ ಬೇಕು. ಮದುವೆಮನೆಯ ಫೋಟೋದವನ ಹಟ! ಎರಡು ಹೆಜ್ಜೆ ಮುಂದಿಟ್ಟೆ. ಎರಡೂ ಧಾವಿಸಿ ಬಂದು, ಪಕ್ಕಪಕ್ಕದಲ್ಲಿ ಕೂತು ಕೂಗತೊಡಗಿದವು. ಒಂದರ ಮೇಲೊಂದು ಚಿತ್ರ ತೆಗೆದೆ.

ಪಡಸಾಲೆಯಿಂದ ಅಜ್ಜಿ ಕೇಳಿದರು: “ತಮ್ಮಾ, ಅವು ಅಂಜಿ ಒದರ್ಲಾಕತ್ಯಾವ. ನಿನಗ ಅದು ಚಂದ ಕಾಣ್ತದೇನು?”

ಗೂಡಿನತ್ತ ನೋಡಿದೆ. ನಲವತ್ತು ಡಿಗ್ರಿ ದಾಟುವ ಅಲ್ಲಿನ ಬಿಸಿಲಿನಲ್ಲಿ, ರೆಕ್ಕೆಯ ನೆರಳಿಲ್ಲದೆ, ಮರಿಗಳು ಬಾಯಿ ಬಿಟ್ಟಿದ್ದವು. ಬೇವಿನ ಮರದಿಂದ ಕಾಗೆಯೊಂದು ಗೂಡನ್ನು ಗುರುತು ಹಾಕಿಕೊಳ್ಳುತ್ತಿತ್ತು. ಹಿಂದೆ ಸರಿದೆ. ಮರಿಗಳು ಬದುಕಿ ಹಾರಿಹೋದವೆಂದು ಆಮೇಲೆ ತಿಳಿಯಿತು. ಆದರೆ ಫಲ ಕೆಡಲಿಲ್ಲವೆಂದ ಮಾತ್ರಕ್ಕೆ ಕೃತ್ಯ ನಿರ್ದೋಷವಾಗುವುದೆ?

ರಾಮಾಯಣದ ಮೊದಲಿಗೂ ಒಂದು ಹಕ್ಕಿಯ ಜೋಡಿಯಿದೆ. ಆ ಕ್ರೌಂಚಗಳನ್ನು ಬೇಡನೂ ನೋಡಿದ, ವಾಲ್ಮೀಕಿಯೂ ನೋಡಿದ. ಒಬ್ಬನಿಗೆ ಹಕ್ಕಿ ಬೇಕಾಗಿತ್ತು. ಇನ್ನೊಬ್ಬನಿಗೆ ಹಕ್ಕಿಯ ಅಳಲು ತಟ್ಟಿತು. ನಮ್ಮ ಆಡುಮಾತಿನಲ್ಲಿ ಫೋಟೋವನ್ನೂ ‘ಹೊಡೆಯುತ್ತೇವೆ’. ಹಾಗಾದರೆ ನಾನು ಯಾರ ಸಾಲಿನವನು? ನಾನು ಕೊಲ್ಲಲಿಲ್ಲ, ನಿಜ. ಅಂಜಿಕೆಯನ್ನು ಹುಟ್ಟಿಸಿದವನೂ ನಾನೇ, ಅದನ್ನು ಒಲವೆಂದು ತೋರಿಸಿ ಹೊಗಳಿಸಿಕೊಂಡವನೂ ನಾನೇ.

ಗೂಡಿನ ಚಿತ್ರಗಳನ್ನು ಸ್ವೀಕರಿಸದ ಸ್ಪರ್ಧೆಗಳು ಈಗ ಇವೆ. ಒಳ್ಳೆಯ ನಿಯಮವೇ. ಆದರೆ ಹಿತ್ತಲಿನಲ್ಲಿ ನಿಯಮ ಕಾಯಲು ಯಾರಿದ್ದಾರೆ? ಈಗ ನಾನು ಕಿಟಕಿಯ ಒಳಗೇ ಕೂರುತ್ತೇನೆ. ಒಂದು ಹಕ್ಕಿ ಬರುತ್ತದೆ, ಹೋಗುತ್ತದೆ, ಇನ್ನೊಂದು ಬರುತ್ತದೆ. ಜೋಡಿ ಚಿತ್ರ ಸಿಕ್ಕುವುದಿಲ್ಲ. ಆದರೆ ಹೋದದ್ದು ಮರಳಿ ಬರುತ್ತದೆಂಬ ನಂಬಿಕೆಯಲ್ಲಿ ಇನ್ನೊಂದು ಹಾರಿಹೋಗುವುದನ್ನು ಕಂಡಾಗ, ದಾಂಪತ್ಯವೆಂದರೆ ಇದೇ ಇರಬೇಕು ಎನ್ನಿಸುತ್ತದೆ.

ಗೋಡೆಯ ಚಿತ್ರ ಗೋಡೆಯ ಮೇಲೆಯೇ ಇದೆ. ಮುಂದೆ ಯಾರಾದರೂ ಹೊಗಳಿದರೆ, ಅಜ್ಜಿಯ ಪ್ರಶ್ನೆಯನ್ನು ಅವರಿಗೂ ಹೇಳಬೇಕೆಂದಿದ್ದೇನೆ.